ನೂರನಲವತ್ತು ರೂಪಾಯಿಯ ಮೂಲೆಮಟ್ಟ

ತುಮಕೂರಿನ ಹಳೆಯ ಪೇಟೆಯ ಆ ದರ್ಜಿ ಅಂಗಡಿ ಶನಿವಾರ ಬಾಗಿಲು ಹಾಕಿದ್ದನ್ನು ಕಂಡವರು ಕಡಿಮೆ. ಅದರಲ್ಲೂ ಕಾರ್ತಿಕ ಮಾಸ, ಮದುವೆಗಳ ಕಾಲ, ಮೊಳೆಗೆ ನೇತುಹಾಕಿದ ರವಿಕೆ ಬಟ್ಟೆಗಳು ಹಾಗೇ ಕಾಯುತ್ತಿದ್ದವು. ಆದರೂ ಆ ದಿನ ಬೆಳಗಿನ ರೈಲಿಗೆ ದರ್ಜಿ ತಮ್ಮ ಮಗನನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟರು. ಅವರ ಹೆಂಡತಿ ಚೀಟಿ ಎತ್ತಿದ ಹಣದಲ್ಲಿ 2,500 ರೂಪಾಯಿ ಎಣಿಸಿ, ಕರವಸ್ತ್ರದಲ್ಲಿ ಕಟ್ಟಿ ಕೊಟ್ಟಿದ್ದರು. ಕೊಡುವಾಗ ಒಂದು ಮಾತನ್ನೂ ಸೇರಿಸಿದ್ದರು: "ಇದು ಹೋದರೆ ಮತ್ತೆ ಯುಗಾದಿವರೆಗೂ ಕೇಳಬೇಡಿ."

ಹುಡುಗ ಐ.ಟಿ.ಐ.ಯಲ್ಲಿ ಫಿಟ್ಟರ್ ಟ್ರೇಡಿನ ಮೊದಲ ವರ್ಷದಲ್ಲಿದ್ದ. ಹತ್ತನೇ ತರಗತಿಯಲ್ಲಿ ಅವನಿಗೆ ಬಂದ ಅಂಕ ನೋಡಿ ಸೋದರಮಾವ "ಪಿ.ಯು.ಸಿ.ಗೆ ಹಾಕಿ, ಹೇಗೋ ಒಂದು ಡಿಗ್ರಿ ಆಗುತ್ತೆ" ಎಂದಿದ್ದರು. ಅವನು ಕೇಳಲಿಲ್ಲ. ಚಿಕ್ಕಂದಿನಿಂದ ಹೊಲಿಗೆ ಯಂತ್ರವನ್ನು ಬಿಚ್ಚಿ ಎಣ್ಣೆ ಹಾಕಿ ಜೋಡಿಸುತ್ತಿದ್ದ ಹುಡುಗ ಅವನು. ತಂದೆಯೂ ಅವನ ಪರವಾಗಿ ನಿಂತರು. ನೆಂಟರ ಮದುವೆಗಳಲ್ಲಿ "ಮಗ ಏನು ಓದುತ್ತಿದ್ದಾನೆ?" ಎಂದು ಯಾರಾದರೂ ಕೇಳಿದಾಗ ಮಾತ್ರ ಅವರ ದನಿ ಸ್ವಲ್ಪ ತಗ್ಗುತ್ತಿತ್ತು. ನಮ್ಮಲ್ಲಿ ಕೈಕೆಲಸ ಕಲಿಯುವ ಮಕ್ಕಳ ತಂದೆತಾಯಿಗಳು ಈ ಸಂಕೋಚವನ್ನು ಏಕೆ ಹೊರಬೇಕೋ ತಿಳಿಯದು. ಇರಲಿ.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಫಿಟ್ಟರ್ ವಿದ್ಯಾರ್ಥಿಗಳಿಗೆ ಮೊದಲ ತಿಂಗಳುಗಳಲ್ಲಿ ಮಾಡಿಸುವುದು ಹ್ಯಾಕ್ಸಾದಿಂದ ಕೊಯ್ಯುವುದು ಮತ್ತು ಅರ ಹಾಕುವುದು. ಒಂದು ಕಬ್ಬಿಣದ ತುಂಡನ್ನು ಕೊಟ್ಟು, ಅದರ ಬದಿಗಳು ಒಂದಕ್ಕೊಂದು ಸರಿಯಾಗಿ ತೊಂಬತ್ತು ಡಿಗ್ರಿ ಆಗುವಂತೆ ಅರದಿಂದ ಉಜ್ಜಿ ತರಲು ಹೇಳುತ್ತಾರೆ. ಕೇಳಲು ಸುಲಭ. ಹೊಸಬರ ಕೈ ತೊಟ್ಟಿಲಿನಂತೆ ತೂಗುವುದರಿಂದ ಮಟ್ಟಸವಾಗಬೇಕಾದ ಮೈ ನಡುವೆ ಉಬ್ಬಿ ಅಂಚುಗಳಲ್ಲಿ ಇಳಿಯುತ್ತದೆ. ಮೂಲೆಮಟ್ಟವನ್ನು ಅದರ ಮೇಲಿಟ್ಟು ಕಿಟಕಿಯ ಕಡೆ ಹಿಡಿದರೆ ಸಂದಿನಲ್ಲಿ ಬೆಳಕು ಕಾಣುತ್ತದೆ. ಬೆಳಕು ಕಂಡರೆ ಮತ್ತೆ ಉಜ್ಜಬೇಕು. ಕೂದಲೆಳೆಗಿಂತ ತೆಳುವಾದ ಸಂದಿನಲ್ಲೂ ಬೆಳಕು ನುಸುಳುತ್ತದೆಯಾದ್ದರಿಂದ ಈ ಪರೀಕ್ಷೆಗೆ ಬಹಳ ನಿಖರತೆ ಇದೆ.

ಹುಡುಗ ಎದುರು ಬೀದಿಯ ವೆಲ್ಡಿಂಗ್ ಶಾಪಿನವರನ್ನು ಕೇಳಿಕೊಂಡು, ಅವರು ಊಟಕ್ಕೆ ಹೋದ ಹೊತ್ತಿನಲ್ಲಿ ಅವರ ವೈಸಿಗೆ ತುಂಡನ್ನು ಸಿಕ್ಕಿಸಿ ಅಭ್ಯಾಸ ಮಾಡುತ್ತಿದ್ದ. ಮೂರು ವಾರ ಉಜ್ಜಿದ. ಅಂಗೈಯಲ್ಲಿ ಬೊಬ್ಬೆ ಬಂದು ಒಡೆದು ಗಟ್ಟಿಯೂ ಆಯಿತು. ಮನೆಯಲ್ಲಿದ್ದ ಮೂಲೆಮಟ್ಟ ಇಟ್ಟು ನೋಡಿದರೆ ಬೆಳಕಿನ ಎಳೆಯೂ ಇಲ್ಲ. ಆದರೆ ಆ ತುಂಡನ್ನು ಐ.ಟಿ.ಐ.ಗೆ ಒಯ್ದು ಮೇಷ್ಟ್ರ ಮುಂದಿಟ್ಟಾಗ ಅವರ ಮಟ್ಟದ ಅಡಿಯಲ್ಲಿ ಬೆಳಕೋ ಬೆಳಕು. ಹೀಗೆ ಒಂದಲ್ಲ, ಮೂರು ತುಂಡುಗಳು ತಿರಸ್ಕೃತವಾದವು. ನಾಲ್ಕನೆಯ ಸಲ ಮನೆಗೆ ಬಂದವನು ತಾಯಿಯ ಹತ್ತಿರ, "ನನ್ನ ಕೈ ಈ ಕೆಲಸಕ್ಕಲ್ಲ ಅಮ್ಮ. ಮಾವ ಹೇಳಿದ್ದೇ ಸರಿ. ಬಿಟ್ಟುಬಿಡ್ತೀನಿ" ಎಂದ. ಆ ರಾತ್ರಿ ಅಂಗಡಿಯ ಮೇಲಿನ ಆ ಒಂದೂವರೆ ಕೋಣೆಯ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಮೇಷ್ಟ್ರು ಅವನ ಮನೆಯ ಮೂಲೆಮಟ್ಟವನ್ನು ತರಿಸಿ ನೋಡಿದರು. ಹೇಳಿದ್ದು ಒಂದೇ ಮಾತು: "ಮಗುಚಿ ಹಾಕಿ ಗೆರೆ ಎಳಿ." ಎಳೆದ. ಎರಡು ಗೆರೆಗಳು ಕವಣೆಯ ಕವಲಿನಂತೆ ಬೇರೆಯಾದವು. ಹುಡುಗನ ಕೈ ಸರಿಯಾಗಿಯೇ ಇತ್ತು. ಮಟ್ಟವೇ ಸುಳ್ಳು ಹೇಳುತ್ತಿತ್ತು. ಸುಳ್ಳು ಮಟ್ಟಕ್ಕೆ ಅವನು ಎಷ್ಟು ಶ್ರದ್ಧೆಯಿಂದ ಉಜ್ಜಿದ್ದನೋ ಅಷ್ಟೇ ಶ್ರದ್ಧೆಯಿಂದ ತುಂಡು ತಪ್ಪಾಗಿತ್ತು.

ಆ ಮೂಲೆಮಟ್ಟಕ್ಕೊಂದು ಕಥೆಯಿದೆ. ಎರಡು ವರ್ಷದ ಹಿಂದೆ ಜಾತ್ರೆಯೊಂದರಲ್ಲಿ ದರ್ಜಿ 499 ರೂಪಾಯಿಗೆ ನಲವತ್ತು ಸಾಮಾನುಗಳ ಒಂದು ಪೆಟ್ಟಿಗೆ ಕೊಂಡಿದ್ದರು. ಕನ್ನಡಿಯಂತೆ ಹೊಳೆಯುವ ಸ್ಪ್ಯಾನರುಗಳು, ಕೆಂಪು ಹಿಡಿಯ ಸ್ಕ್ರೂಡ್ರೈವರುಗಳು, ಸುತ್ತಿಗೆ, ಇಕ್ಕಳ. ಕೊಸರಿಗೆಂದು ವ್ಯಾಪಾರಿ ಒಂದು ಪುಟ್ಟ ಮೂಲೆಮಟ್ಟವನ್ನೂ ಸೇರಿಸಿದ್ದ. ತಿಂಗಳೊಳಗೆ ಸ್ಕ್ರೂಡ್ರೈವರಿನ ತುದಿ ಬೆಣ್ಣೆಯಂತೆ ತಿರುಚಿಕೊಂಡಿತು. ಒಂದು ದಿನ ಮೊಳೆ ಹೊಡೆಯುವಾಗ ಸುತ್ತಿಗೆಯ ತಲೆ ಕಳಚಿ ಹಾರಿ ಷೋಕೇಸಿನ ಗಾಜನ್ನು ಪುಡಿ ಮಾಡಿತು. ಅಲ್ಲಿಂದ ಒಂದು ಗೇಣು ಆಚೆ ಹುಡುಗನ ತಂಗಿ ಕುಳಿತು ಮಗ್ಗಿ ಬರೆಯುತ್ತಿದ್ದಳು. ಅಂದಿನಿಂದ ದರ್ಜಿಗೆ ಅಗ್ಗದ ಸಾಮಾನೆಂದರೆ ಆಗದು. "ಮುಗ್ಗಲು ಅಕ್ಕಿ ಅಗ್ಗ ಅಂತ ತಂದರೆ ಅನ್ನ ಯಾರು ತಿನ್ನುತ್ತಾರೆ?" ಎನ್ನುವುದು ಅವರ ವಾದ. ಈ ಸಲ ಒಳ್ಳೆಯ ಕಂಪನಿಯದೇ ಕೊಳ್ಳಬೇಕು, ಅದಕ್ಕೇ ಬೆಂಗಳೂರಿಗೆ ಹೋಗಬೇಕು ಎಂಬುದು ಅವರ ನಿರ್ಧಾರ. ಆದರೆ ಮಗ ಬರೆದುಕೊಂಡಿದ್ದ ಪಟ್ಟಿಯನ್ನೆಲ್ಲ ಒಳ್ಳೆಯ ಕಂಪನಿಯಲ್ಲೇ ಕೊಂಡರೆ 2,500 ರೂಪಾಯಿ ಒಂದು ವರ್ನಿಯರ್ ಕ್ಯಾಲಿಪರಿಗೂ ಸಾಲದು.

ಮೆಜೆಸ್ಟಿಕ್‌ನಿಂದ ಇಬ್ಬರೂ ನಡೆದೇ ಹೋದರು. ಸಾದರ ಪತ್ರಪ್ಪ ರಸ್ತೆಯನ್ನು ಎಲ್ಲರೂ ಎಸ್.ಪಿ. ರಸ್ತೆ ಎಂದೇ ಕರೆಯುವುದು. ಕಂಪ್ಯೂಟರ್ ಬಿಡಿಭಾಗಗಳಿಗೆ ಹೆಸರಾದ ಆ ರಸ್ತೆಯಲ್ಲೂ ಅದರ ಸಂದಿಗೊಂದಿಗಳಲ್ಲೂ ಬೋಲ್ಟು, ನಟ್ಟು, ಬೇರಿಂಗು, ಮೋಟಾರು, ಹತಾರಗಳ ಅಂಗಡಿಗಳು ಒತ್ತೊತ್ತಾಗಿವೆ. ಮಾಲು ಬರುವುದು ಹಲವು ಕಡೆಗಳಿಂದ. ಪಂಜಾಬಿನ ಜಲಂಧರ್, ಲೂಧಿಯಾನ, ರಾಜಸ್ಥಾನದ ನಾಗೌರ್ ಇವೆಲ್ಲ ಕೈಹತಾರಗಳಿಗೆ ಹೆಸರಾದ ಊರುಗಳು. ಅಲ್ಲಿ ದೊಡ್ಡ ಕಾರ್ಖಾನೆಗಳಂತೆ ಮನೆಯ ಹಿಂದಿನ ಕುಲುಮೆಗಳೂ ಇವೆ. ಒಂದೇ ರೀತಿ ಕಾಣುವ ಎರಡು ಸುತ್ತಿಗೆಗಳಲ್ಲಿ ಒಂದು ಹತ್ತು ವರ್ಷ ಬಾಳುತ್ತದೆ, ಇನ್ನೊಂದು ಹತ್ತು ದಿನ. ಹೆಸರಿಲ್ಲದ ಮಾಲಿನ ಕಷ್ಟ ಇದೇ. ಅದೆಲ್ಲ ಕೆಟ್ಟದ್ದೇನಲ್ಲ, ಆದರೆ ಒಂದು ಇದ್ದಂತೆ ಇನ್ನೊಂದು ಇರುವುದಿಲ್ಲ.

ಅವರು ಹೊಕ್ಕ ಅಂಗಡಿಯಲ್ಲಿ ವಯಸ್ಸಾದ ಯಜಮಾನರೊಬ್ಬರು ಕುಳಿತಿದ್ದರು. ಹುಡುಗ ಆರಿಂಚಿನ ಮೂಲೆಮಟ್ಟ ಕೇಳಿದ. ಅವರು 600 ರೂಪಾಯಿಯದೊಂದನ್ನು ಮುಂದಿಟ್ಟರು. ಹುಡುಗ ಮೆಲ್ಲಗೆ, "ಕಡಿಮೆಯದ್ದು ಇದೆಯಾ ಅಂಕಲ್?" ಎಂದ. 140 ರೂಪಾಯಿಯವು ನಾಲ್ಕು ಬಂದವು. ದರ್ಜಿ ಮುಖ ಸಿಂಡರಿಸಿದರು. ಹುಡುಗ ಚೀಲದಿಂದ ತನ್ನ ಪರೀಕ್ಷೆಯ ರೈಟಿಂಗ್ ಪ್ಯಾಡ್ ತೆಗೆದು, ಅದರ ಅಂಚು ನೆಟ್ಟಗಿದೆಯೇ ಎಂದು ಉಕ್ಕಿನ ಸ್ಕೇಲು ಒತ್ತಿ ನೋಡಿಕೊಂಡ. ಆಮೇಲೆ ಮೇಷ್ಟ್ರು ಹೇಳಿಕೊಟ್ಟಂತೆ ಮಟ್ಟದ ದಪ್ಪ ಹಿಡಿಯನ್ನು ಅಂಚಿಗೆ ಒತ್ತಿ, ಅಲಗಿನ ಗುಂಟ ಚೂಪಾದ ಪೆನ್ಸಿಲಿನಿಂದ ಒಂದು ಗೆರೆ ಎಳೆದ. ಮಟ್ಟವನ್ನು ಮಗುಚಿ, ಹಿಡಿ ಮೊದಲು ಎಡಕ್ಕಿದ್ದರೆ ಈಗ ಬಲಕ್ಕೆ ಬರುವಂತೆ ಇಟ್ಟು, ಅದೇ ಗೆರೆಯ ಬುಡದಿಂದ ಇನ್ನೊಂದು ಗೆರೆ ಎಳೆದ.

ಇದರ ಸ್ವಾರಸ್ಯವನ್ನು ಮನೆಯಲ್ಲಿ ಮಕ್ಕಳು ಯಾರಾದರೂ ಮಾಡಿ ನೋಡಬಹುದು. ಮಟ್ಟ ನಿಜವಾಗಿ ತೊಂಬತ್ತು ಡಿಗ್ರಿ ಇದ್ದರೆ ಎರಡು ಗೆರೆಗಳೂ ಒಂದಾಗುತ್ತವೆ. ಅದು ಬಲಕ್ಕೆ ವಾಲಿದ್ದರೆ, ಮಗುಚಿದಾಗ ಎಡಕ್ಕೆ ವಾಲುತ್ತದೆ. ಆದ್ದರಿಂದ ಗೆರೆಗಳ ನಡುವಿನ ಅಂತರ ತಪ್ಪಿನ ಎರಡರಷ್ಟು. ಆರಿಂಚು ಎಂದರೆ ಸುಮಾರು 150 ಮಿಲಿಮೀಟರ್ ಮೇಲೆ ಗೆರೆಗಳು ಒಂದು ಮಿಲಿಮೀಟರ್ ಬೇರೆಯಾದರೆ ನಿಜವಾದ ತಪ್ಪು ಅರ್ಧ ಮಿಲಿಮೀಟರ್, ಕೋನದ ಲೆಕ್ಕದಲ್ಲಿ ಒಂದು ಡಿಗ್ರಿಯ ಐದನೇ ಒಂದು ಭಾಗದಷ್ಟು. ಹೋಲಿಸಿ ನೋಡಲು ಇನ್ನೊಂದು ಸರಿಯಾದ ಮಟ್ಟ ಬೇಕಿಲ್ಲ. ಮಟ್ಟ ತನಗೆ ತಾನೇ ಸಾಕ್ಷಿ ಹೇಳುತ್ತದೆ. ಗಾರೆ ಕೆಲಸದವರು ರಸಮಟ್ಟವನ್ನು ತಿರುಗಿಸಿಟ್ಟು ಗುಳ್ಳೆ ಅದೇ ಜಾಗಕ್ಕೆ ಬರುವುದೇ ಎಂದು ನೋಡುವುದೂ ಇದನ್ನೇ. ಹಿಂದೆ ಸಂತೆಯಲ್ಲಿ ಅಜ್ಜಿಯರು ತಕ್ಕಡಿಯ ಮೇಲೆ ಅನುಮಾನ ಬಂದರೆ "ಕಲ್ಲು ಆ ಕಡೆ ಹಾಕಪ್ಪ, ಈರುಳ್ಳಿ ಈ ಕಡೆ ಹಾಕು" ಎನ್ನುತ್ತಿದ್ದರು. ಜರ್ಮನಿಯ ಗಣಿತಜ್ಞ ಗೌಸ್‌ನ ಹೆಸರಿನಲ್ಲಿ ಇದೇ ಉಪಾಯ ಭೌತಶಾಸ್ತ್ರದ ಪುಸ್ತಕಗಳಲ್ಲಿದೆ. ಅಜ್ಜಿಯರಿಗೆ ಅವನ ಪರಿಚಯವಿರಲಿಲ್ಲ.

ನಾಲ್ಕರಲ್ಲಿ ಎರಡು ಮಟ್ಟಗಳು ಸೋತವು. ಮೂರನೆಯದು ಪರವಾಗಿಲ್ಲ. ನಾಲ್ಕನೆಯದರಲ್ಲಿ ಎರಡು ಗೆರೆಗಳು ಒಂದೇ ಗೆರೆಯಾದವು. ಹುಡುಗ ಆಮೇಲೆ 600 ರೂಪಾಯಿಯದನ್ನೂ ಹಾಗೆಯೇ ಮಗುಚಿ ನೋಡಿದ. ಅದೂ ಒಂದೇ ಗೆರೆ. ಪೆನ್ಸಿಲಿನ ಮೊನೆಗೆ ಸಿಗುವ ಮಟ್ಟಿಗೆ ಎರಡರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅಂಗಡಿಯ ಯಜಮಾನರು ಕನ್ನಡಕ ಏರಿಸಿಕೊಂಡು, "ಮೂವತ್ತು ವರ್ಷದಿಂದ ಮಾರ್ತಾ ಇದೀನಿ ತಮ್ಮ, ಯಾರೂ ಹೀಗೆ ನೋಡಿ ತಗೊಂಡಿರಲಿಲ್ಲ" ಎಂದು ನಕ್ಕರು. ಸೋತ ಎರಡನ್ನೂ ಮತ್ತೆ ಅದೇ ಡಬ್ಬಕ್ಕೆ ಹಾಕಿದರು ಎನ್ನುವುದನ್ನೂ ಹೇಳಬೇಕು. ವ್ಯಾಪಾರ ವ್ಯಾಪಾರವೇ.

ವರ್ನಿಯರ್ ಕ್ಯಾಲಿಪರಿನ ಸರದಿ ಬಂತು. ಹೆಸರಾಂತ ಕಂಪನಿಯದು 2,800. ಹೆಸರಿಲ್ಲದ್ದು 450. ಪಿ.ಯು.ಸಿ. ಪ್ರಯೋಗಶಾಲೆಯಲ್ಲಿ ಶೂನ್ಯ ದೋಷ ಎಂಬ ಮಾತನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಅದಕ್ಕೆ ಬೆಲೆ ಬರುವುದು ಇಂಥ ಕೌಂಟರಿನ ಮುಂದೆ. ಹುಡುಗ ದವಡೆಗಳನ್ನು ಮುಚ್ಚಿ ನೋಡಿದ. ಸೊನ್ನೆ ಬರಬೇಕಾದಲ್ಲಿ 0.04 ಮಿಲಿಮೀಟರ್ ತೋರಿಸಿತು. ದರ್ಜಿ "ನೋಡಿದೆಯಾ, ಬೇಡ ಇಡು" ಎಂದರು. ಹುಡುಗ ಇಡಲಿಲ್ಲ. ಹತ್ತು ಸಲ ತೆರೆದು ಮುಚ್ಚಿದ. ಹತ್ತು ಸಲವೂ ಅದೇ 0.04. "ಯಾವಾಗಲೂ ಇಷ್ಟೇ ಹೆಚ್ಚು ತೋರಿಸಿದರೆ ಇಷ್ಟೇ ಕಳೆದರೆ ಆಯ್ತಲ್ಲಪ್ಪ. ಒಂದೊಂದು ಸಲ ಒಂದೊಂದು ತೋರಿಸಿದರೆ ಮಾತ್ರ ಬೇಡ" ಎಂದ. ದವಡೆಗಳ ಸಂದನ್ನು ಬೆಳಕಿಗೆ ಹಿಡಿದು ಅವು ಓರೆಯಾಗಿಲ್ಲವೆಂದೂ ಖಾತ್ರಿ ಮಾಡಿಕೊಂಡ. ಓರೆಯಿದ್ದರೆ, ಅಲುಗಾಡುತ್ತಿದ್ದರೆ, ಆ ದೋಷವನ್ನು ಯಾವ ಲೆಕ್ಕದಿಂದಲೂ ಕಳೆಯಲಾಗದು.

ಇನ್ನೂ ಒಂದು ಪರೀಕ್ಷೆ ಉಳಿದಿತ್ತು. ಸೊನ್ನೆಯಲ್ಲಿ ಸರಿಯಿದ್ದದ್ದು ನಲವತ್ತರಲ್ಲಿ ಸರಿಯಿರಬೇಕೆಂದಿಲ್ಲ. ಪಕ್ಕದ ಅಂಗಡಿಯಿಂದ ಒಂದು ಹೊಸ 6203 ಬೇರಿಂಗನ್ನು ಯಜಮಾನರೇ ತರಿಸಿಕೊಟ್ಟರು. ಸಣ್ಣ ಮೋಟಾರುಗಳಲ್ಲಿ ಬಳಕೆಯಾಗುವ ಈ ಬೇರಿಂಗ್ ಜಗತ್ತಿನ ಎಲ್ಲೇ ತಯಾರಾಗಲಿ ಅದರ ಒಳವ್ಯಾಸ 17 ಮಿಲಿಮೀಟರ್, ಹೊರವ್ಯಾಸ 40. ವ್ಯತ್ಯಾಸವಿದ್ದರೆ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ. ಇದಕ್ಕಿಂತ ಅಗ್ಗದ ಅಳತೆಗಲ್ಲು ಇನ್ನೊಂದಿಲ್ಲ. ಕ್ಯಾಲಿಪರ್ 40.04 ತೋರಿಸಿತು. ನಾಲ್ಕು ಕಳೆದರೆ ಸರಿಯಾಗಿ ನಲವತ್ತು. ದರ್ಜಿ ಈಗ ಮಾತಾಡಲಿಲ್ಲ. ಕರವಸ್ತ್ರದ ಗಂಟು ಬಿಚ್ಚಿದರು.

ಹೀಗೆ ಗೆದ್ದ ಹುಮ್ಮಸ್ಸಿನಲ್ಲಿ ಹುಡುಗ ಅರವನ್ನೂ ಅಗ್ಗದ್ದೇ ಆರಿಸಿದ. 90 ರೂಪಾಯಿಯದು. ಹೊಸ ಹಲ್ಲು, ನೀಟಾದ ಬಣ್ಣ. ಆಗ ದರ್ಜಿ ಅವನ ಕೈ ಹಿಡಿದರು.

"ಅಳೆಯೋದನ್ನ ನೀನು ಪರೀಕ್ಷೆ ಮಾಡಿದೆ, ಒಪ್ಪಿದೆ. ಇದು ಕೊಯ್ಯೋದು. ಇದನ್ನ ಹೇಗೆ ಪರೀಕ್ಷೆ ಮಾಡ್ತೀಯ?"

ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ದರ್ಜಿಗೆ ಈ ವಿಷಯದಲ್ಲಿ ಅನುಭವವಿತ್ತು. ಅವರ ಅಂಗಡಿಯ ಕತ್ತರಿ ಮೀರತ್‌ನದು. ಮೀರತ್‌ನ ಕುಶಲಕರ್ಮಿಗಳು ಹಳೆಯ ವಾಹನ, ರೈಲುಗಳ ಗುಜರಿ ಉಕ್ಕನ್ನು ಕಾಯಿಸಿ ಬಡಿದು ಕತ್ತರಿಯ ಅಲಗು ಮಾಡುತ್ತಾರೆ. ತಾತ ಕೊಂಡದ್ದನ್ನು ಮೊಮ್ಮಗ ಬಳಸುತ್ತಾನೆ ಎಂಬ ಮಾತೇ ಅವುಗಳ ಬಗ್ಗೆ ಹಿಂದಿಯಲ್ಲಿದೆ. 2013ರಲ್ಲಿ ಅದಕ್ಕೆ ಜಿ.ಐ. ಎಂಬ ಭೌಗೋಳಿಕ ಗುರುತೂ ದೊರೆಯಿತು. ದರ್ಜಿ ಅದನ್ನು ಇಪ್ಪತ್ತು ವರ್ಷದಿಂದ ಸಾಣೆ ಹಿಡಿಸಿ ಬಳಸುತ್ತಿದ್ದಾರೆ. ನಡುವೆ ಒಮ್ಮೆ ಹೊಳಪಿಗೆ ಮರುಳಾಗಿ ಬೇರೊಂದು ಕತ್ತರಿ ಕೊಂಡು, ಮೂರು ತಿಂಗಳಿಗೆ ಅದು ಬಟ್ಟೆಯನ್ನು ಕತ್ತರಿಸುವ ಬದಲು ಅಗಿಯತೊಡಗಿದಾಗ ಬಿಸಾಡಿದ್ದರು. ಹೊರಗೆ ನೋಡಿದರೆ ಹೊಳಪು ಕಾಣುತ್ತದೆ, ಉಕ್ಕಿನ ಗುಣ ಕಾಣುವುದಿಲ್ಲ.

ಅವರ ಅನುಭವ ಹೇಳಿದ್ದನ್ನೇ ರಸಾಯನಶಾಸ್ತ್ರವೂ ಹೇಳುತ್ತದೆ. ಸಾಮಾನ್ಯ ಕಂಬಿ, ತಗಡುಗಳ ಮೃದು ಉಕ್ಕಿನಲ್ಲಿ ಇಂಗಾಲ ನೂರಕ್ಕೆ 0.2ರ ಆಸುಪಾಸು. ಹಳ್ಳಿಯ ಕಮ್ಮಾರರು ಮಚ್ಚು ಮಾಡಲು ಹುಡುಕುವ ಲಾರಿಯ ಸ್ಪ್ರಿಂಗ್ ಪ್ಲೇಟಿನಲ್ಲಿ ಅದು 0.5ರಿಂದ 0.6. ಒಳ್ಳೆಯ ಅರದಲ್ಲಿ ಒಂದಕ್ಕಿಂತಲೂ ತುಸು ಹೆಚ್ಚು. ಇಂಗಾಲ ಸಾಕಷ್ಟಿದ್ದರೆ ಮಾತ್ರ ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದಾಗ ಉಕ್ಕು ಗಡಸಾಗುತ್ತದೆ. ಗಡಸಿಲ್ಲದ ಅರದಿಂದ ಕಬ್ಬಿಣ ಉಜ್ಜಿದರೆ ಸವೆಯುವುದು ಅರದ ಹಲ್ಲೇ. ಮೂಲೆಮಟ್ಟದ ದೋಷ ತಿಳಿಯಲು ಪೆನ್ಸಿಲು ಸಾಕು. ಅರದ ದೋಷ ತಿಳಿಯುವ ಹೊತ್ತಿಗೆ ದುಡ್ಡು ಹೋಗಿರುತ್ತದೆ.

ಯಜಮಾನರು ಏನೂ ಹೇಳದೆ ಒಂದು ಹಳೆಯ ಗಾಜಿನ ಬಾಟಲಿ ತೆಗೆದು, 90ರ ಅರದ ಮೂಲೆಯನ್ನು ಅದರ ತಳದ ಮೇಲೆ ಒತ್ತಿ ಎಳೆದರು. ಜಾರಿತು. 320 ರೂಪಾಯಿಯ ಹತ್ತಿಂಚಿನದನ್ನು ಎಳೆದರು. ಕಿರ್ ಎಂದು ಬಿಳಿ ಗೀರು ಬಿತ್ತು. ಚೆನ್ನಾಗಿ ಗಡಸಾದ ಅರ ಗಾಜಿಗಿಂತ ಗಟ್ಟಿ. "ಯಜಮಾನ್ರು ಸರಿಯಾಗೇ ಹೇಳಿದ್ರು" ಎಂದು ದರ್ಜಿಯ ಕಡೆ ನೋಡಿದರು.

ಹ್ಯಾಕ್ಸಾದಲ್ಲಿ ಇಬ್ಬರಿಗೂ ರಾಜಿಯಾಯಿತು. ಫ್ರೇಮು 180ರದ್ದು, ಬ್ಲೇಡು ಮಾತ್ರ ಒಳ್ಳೆಯದು. ಫ್ರೇಮಿನ ಕೆಲಸ ಬ್ಲೇಡನ್ನು ಬಿಗಿಯಾಗಿ ನೆಟ್ಟಗೆ ಹಿಡಿಯುವುದಷ್ಟೇ. ಬಿಗಿಮಾಡಿ ಉಗುರಿನಿಂದ ಮೀಟಿದರೆ ತಂತಿಯಂತೆ ಟಣ್ ಎನ್ನಬೇಕು, ಹಿಂದಿನಿಂದ ಕಣ್ಣಿಟ್ಟು ನೋಡಿದರೆ ಬ್ಲೇಡು ತಿರುಚಿರಬಾರದು. ಅಗ್ಗದ ಫ್ರೇಮು ಎರಡರಲ್ಲೂ ಪಾಸಾಯಿತು. ಇಲ್ಲಿ ಹುಡುಗ ಒಂದು ತಪ್ಪನ್ನೂ ಒಪ್ಪಿಕೊಂಡ. ಮನೆಯಲ್ಲಿ ಪರದೆಯ ಪೈಪು ಕೊಯ್ಯುವಾಗ ಮೂರು ಬ್ಲೇಡು ಮುರಿದು, ಅಗ್ಗದ್ದೆಂದು ಬೈದಿದ್ದ. ಯಜಮಾನರು "ಇಂಚಿಗೆ ಎಷ್ಟು ಹಲ್ಲಿನದು?" ಎಂದು ಕೇಳಿದರು. ಹದಿನೆಂಟು. ಅಂದರೆ ಹಲ್ಲಿನಿಂದ ಹಲ್ಲಿಗೆ ಸುಮಾರು 1.4 ಮಿಲಿಮೀಟರ್. ಪೈಪಿನ ಗೋಡೆಯ ದಪ್ಪ ಒಂದೇ ಮಿಲಿಮೀಟರ್. ಕೊಯ್ಯುವಾಗ ಕನಿಷ್ಠ ಮೂರು ಹಲ್ಲಾದರೂ ಲೋಹದ ಮೇಲಿರಬೇಕೆಂಬುದು ನಿಯಮ. ಇಲ್ಲದಿದ್ದರೆ ಹಲ್ಲಿನ ಸಂದಿಗೆ ಅಂಚು ಸಿಕ್ಕಿ ಬ್ಲೇಡು ಲಟಕ್ಕೆನ್ನುತ್ತದೆ. ತೆಳು ಪೈಪಿಗೆ ಮೂವತ್ತೆರಡು ಹಲ್ಲಿನದು ಬೇಕಿತ್ತು. ಬ್ಲೇಡಿನ ತಪ್ಪೇನೂ ಇರಲಿಲ್ಲ.

ಸುತ್ತಿಗೆಯ ವಿಷಯದಲ್ಲಿ ದರ್ಜಿ ಚೌಕಾಸಿಯನ್ನೇ ಮಾಡಲಿಲ್ಲ. ಹಿಡಿಯ ತುದಿಗೆ ಬೆಣೆ ಹೊಡೆದು ತಲೆ ಭದ್ರವಾಗಿದ್ದ 240ರದ್ದನ್ನು ತೆಗೆದುಕೊಂಡರು. ಹಳದಿ ಬಣ್ಣದ ಪುಟ್ಟ ಡಿಜಿಟಲ್ ಮಲ್ಟಿಮೀಟರೊಂದು 180 ರೂಪಾಯಿಗೆ ಹುಡುಗನ ಕಣ್ಣು ಸೆಳೆಯಿತು. ಸೆಲ್ಲು, ಬ್ಯಾಟರಿ, ಪ್ರಯೋಗಶಾಲೆಯ ಸಣ್ಣ ಸರ್ಕೀಟುಗಳಿಗೆ ಆ ಬೆಲೆಯಲ್ಲಿ ಅದಕ್ಕಿಂತ ಒಳ್ಳೆಯದು ಸಿಗದು. ಆದರೆ ಅದರ ಹತ್ತು ಆಂಪಿಯರ್ ತೂತಿನ ಪಕ್ಕದಲ್ಲಿ ಫ್ಯೂಸ್ ಇಲ್ಲವೆಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಆ ತೂತಿನಲ್ಲಿ ವಯರು ಇಟ್ಟುಕೊಂಡು ಗೋಡೆಯ ಪ್ಲಗ್ಗಿಗೆ ಕಡ್ಡಿ ಚುಚ್ಚಿದರೆ ಕೈಯಲ್ಲೇ ಸಿಡಿಯುವ ಅಪಾಯವಿದೆ. ಮಕ್ಕಳ ಕೈಗೆ ಅದನ್ನು ಕೊಡುವ ತಂದೆತಾಯಿಗಳು ಮನೆಯ ಕರೆಂಟಿನ ಹತ್ತಿರ ಒಯ್ಯಬಾರದೆಂದು ಮೊದಲೇ ಕಟ್ಟುನಿಟ್ಟು ಮಾಡಬೇಕು. ಅಂದು ಅದು ಪಟ್ಟಿಯಲ್ಲಿರಲಿಲ್ಲ, ಕೊಳ್ಳಲೂ ಇಲ್ಲ.

ಉಕ್ಕಿನ ಸ್ಕೇಲು, ಅರದ ಹಿಡಿ, ಐದು ಬ್ಲೇಡು ಸೇರಿ ಒಟ್ಟು 1,560 ರೂಪಾಯಿ ಆಯಿತು. ಉಳಿದ 940ರಲ್ಲಿ ತುಮಕೂರಿನ ಗುಜರಿಯಲ್ಲಿ ನಾಲ್ಕಿಂಚಿನ ಹಳೆಯ ವೈಸೊಂದು 900ಕ್ಕೆ ಸಿಕ್ಕಿತು. ದವಡೆಯ ಗೀರು ಸವೆದಿತ್ತು, ತಿರುಪು ಮಾತ್ರ ಬಿಗಿಯಾಗಿತ್ತು. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿ ಉಜ್ಜಿದ ಮೇಲೆ ಅದರ ಮೈಯಲ್ಲಿ ಹಳೆಯ ಹಸಿರು ಬಣ್ಣ ಕಾಣಿಸಿಕೊಂಡಿತು.

ಅದನ್ನು ಕೂರಿಸಲು ಗಟ್ಟಿ ಜಾಗವೆಂದರೆ ಬಟ್ಟೆ ಕತ್ತರಿಸುವ ಮೇಜೊಂದೇ. ದರ್ಜಿ ಒಂದು ದಿನ ಯೋಚಿಸಿ, ಮೇಜಿನ ಬಲ ಮೂಲೆಗೆ ತಾವೇ ಬೈರಿಗೆಯಿಂದ ತೂತು ಕೊರೆದರು. ಅರದ ಪುಡಿ ಬಟ್ಟೆಗೆ ಹಾರದಂತೆ ನಡುವೆ ಒಂದು ಹಳೆಯ ಲುಂಗಿ ಇಳಿಬಿಟ್ಟರು. ಹುಡುಗ ಅಲ್ಲಿ ಉಜ್ಜಿದ ಎರಡನೆಯ ತುಂಡನ್ನು ಐ.ಟಿ.ಐ. ಮೇಷ್ಟ್ರು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟುಕೊಂಡರಂತೆ. ಬಿಟ್ಟುಬಿಡುವ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ಈ ನಡುವೆ ಅಂಗಡಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಹುಡುಗನಿಗೆ ಈಗ ಕಂಡದ್ದನ್ನೆಲ್ಲ ಪರೀಕ್ಷೆ ಮಾಡುವ ಚಟ. ಒಂದು ಸಂಜೆ ಅಪ್ಪನ ಕೊರಳಲ್ಲಿದ್ದ ಟೇಪನ್ನು ತೆಗೆದು ಹೊಸ ಉಕ್ಕಿನ ಸ್ಕೇಲಿನ ಪಕ್ಕದಲ್ಲಿ ತುಂಡು ತುಂಡಾಗಿ ಹಿಡಿದು ಅಳೆದ. ಟೇಪು 150 ಸೆಂಟಿಮೀಟರ್ ಎಂದಲ್ಲಿ ನಿಜವಾಗಿ 152 ಇತ್ತು. ವರ್ಷಗಟ್ಟಲೆ ಎಳೆದೆಳೆದು ಹಿಗ್ಗಿತ್ತು.

"ಹಾಗಾದರೆ ನಾನು ಹೊಲಿದದ್ದೆಲ್ಲ ತಪ್ಪಾ?" ಎಂದು ದರ್ಜಿ ಗಾಬರಿಯಾದರು.

"ಇಲ್ಲಪ್ಪ. ಮೈಗೂ ಬಟ್ಟೆಗೂ ಇದೇ ಟೇಪು ಹಿಡಿದರೆ ತಪ್ಪಿಗೆ ತಪ್ಪು ಸರಿಹೋಗುತ್ತೆ. ಬೇರೆಯವರು ಬೇರೆ ಟೇಪಲ್ಲಿ ಅಳತೆ ತಂದುಕೊಟ್ಟರೆ ಮಾತ್ರ ಉದ್ದ ಬರುತ್ತೆ."

ದರ್ಜಿ ಮಷೀನಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕುಳಿತರು. ಎರಡು ವರ್ಷದ ಹಿಂದೆ ಶಾಲೆಯೊಂದರ ನಲವತ್ತು ಪ್ಯಾಂಟುಗಳ ಆರ್ಡರ್ ಬಂದಿತ್ತು. ಅಳತೆ ಬರೆದು ಕಳಿಸಿದ್ದು ಅಲ್ಲಿಯ ಡ್ರಿಲ್ ಮೇಷ್ಟ್ರು. ನಲವತ್ತೂ ಅರ್ಧರ್ಧ ಇಂಚು ಉದ್ದವಾಗಿ, ಕಾಸಿಲ್ಲದೆ ಮತ್ತೆ ಮಡಿಚಿ ಹೊಲಿದು ಕೊಡಬೇಕಾಯಿತು. ಅಳತೆ ತೆಗೆಯಲು ಬಾರದವರು ಎಂದು ಬೈದು, ಅಂದಿನಿಂದ ಆ ಮೇಷ್ಟ್ರು ಎದುರು ಬಂದರೂ ದರ್ಜಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಡ್ರಿಲ್ ಮೇಷ್ಟ್ರನ್ನು ದರ್ಜಿ ಕೂಗಿ ನಿಲ್ಲಿಸಿದರು. "ಸಾರ್, ಒಳಗೆ ಬನ್ನಿ. ಕಾಫಿ ತರಿಸ್ತೀನಿ" ಎಂದರು. ಹೊಸ ಟೇಪು ಕೊರಳಲ್ಲಿತ್ತು. ಹಳೆಯದನ್ನು ಲುಂಗಿಯ ಪರದೆ ಕಟ್ಟಲು ಬಳಸಿದ್ದರು.